ಚೌಕಟ್ಟು ಬದಲಾದಾಗಲೆಲ್ಲ ಮನೆ ಕೆಡವಬೇಕೇ?

ಪ್ರಶ್ನೆ: ನಾನು ಹುಬ್ಬಳ್ಳಿಯ ಸಣ್ಣ ಸಂಸ್ಥೆಯೊಂದರಲ್ಲಿ ನಾಲ್ಕು ವರ್ಷಗಳಿಂದ ಡೆವಲಪರ್ ಆಗಿದ್ದೇನೆ. ಸಗಟು ವ್ಯಾಪಾರಿಗಳು ಬಿಲ್ಲು ಹಾಕಲು ಮತ್ತು ದಾಸ್ತಾನು ನೋಡಿಕೊಳ್ಳಲು ಬಳಸುವ, ಪಿಎಚ್‌ಪಿ ಭಾಷೆಯಲ್ಲಿ ಬರೆದ ತಂತ್ರಾಂಶವೊಂದು ನನ್ನ ಜವಾಬ್ದಾರಿಯಲ್ಲಿದೆ. ಕಾಲೇಜಿನಲ್ಲಿ ಜೆಕ್ವೆರಿ ಕಲಿತೆ, ಸಂದರ್ಶನಗಳಲ್ಲಿ ಆ್ಯಂಗ್ಯುಲರ್ ಕೇಳಿದರು, ಈಗ ಗೆಳೆಯರೆಲ್ಲ ರಿಯಾಕ್ಟ್, ನೆಕ್ಸ್ಟ್ ಎನ್ನುತ್ತಿದ್ದಾರೆ. ಇವೆಲ್ಲ ಜಾಲಪುಟ ಕಟ್ಟಲು ಬಳಸುವ ಸಿದ್ಧ ಸಲಕರಣೆಗಳು, ಅಂದರೆ ಚೌಕಟ್ಟುಗಳು. ಎಐ ಕೋಡ್ ಬರೆಯುವ ಕಾಲದಲ್ಲಿ ಇದನ್ನೆಲ್ಲ ಕಲಿತು ಏನು ಪ್ರಯೋಜನ ಎನ್ನುವವರೂ ಇದ್ದಾರೆ. ನಮ್ಮ ಹಳೆಯ ತಂತ್ರಾಂಶವನ್ನು ಪೂರ್ತಿ ಹೊಸದಾಗಿ ಬರೆಯಬೇಕೇ? ನಾನು ಏನನ್ನು ಕಲಿಯಬೇಕು?

ಉತ್ತರ: ಮೊದಲ ಪ್ರಶ್ನೆಗೆ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ: ಪೂರ್ತಿ ಹೊಸದಾಗಿ ಬರೆಯಬೇಡಿ. ಎರಡನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ದೀರ್ಘವಾದದ್ದು, ಏಕೆಂದರೆ ಯಾವುದನ್ನು ಕಲಿಯಬೇಕು ಎಂದು ತಿಳಿಯಬೇಕಾದರೆ ಇವೆಲ್ಲ ಯಾಕೆ ಹುಟ್ಟಿದವು ಎಂದು ಮೊದಲು ತಿಳಿಯಬೇಕು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಇದೇ ಕೆಲಸ ಮಾಡಿದ ಮೇಲೆ ನನಗೆ ದೃಢವಾಗಿರುವ ನಂಬಿಕೆ ಇಷ್ಟು: ನಮ್ಮ ಕ್ಷೇತ್ರದಲ್ಲಿ ಬರುವ ಪ್ರತಿಯೊಂದು ಹೊಸ ಪದ್ಧತಿಯೂ ಎಲ್ಲೋ ಯಾರಿಗೋ ಇದ್ದ ಒಂದು ನಿರ್ದಿಷ್ಟ ತೊಂದರೆಗೆ ಮದ್ದಾಗಿ ಹುಟ್ಟಿರುತ್ತದೆ. ಆ ತೊಂದರೆ ನಮಗಿದ್ದರೆ ಮದ್ದು ಬೇಕು, ಇಲ್ಲದಿದ್ದರೆ ಬೇಡ. ನಾವು ಮಾಡುವ ತಪ್ಪೆಂದರೆ ಮದ್ದಿನ ಹೆಸರನ್ನು ಕಲಿಯುತ್ತೇವೆ, ರೋಗದ ಹೆಸರನ್ನು ಕೇಳುವುದಿಲ್ಲ.

ನೀವು ಕಲಿತ ಜೆಕ್ವೆರಿಯನ್ನೇ ತೆಗೆದುಕೊಳ್ಳಿ. 2006ರಲ್ಲಿ ಜಾನ್ ರೆಸಿಗ್ ಅದನ್ನು ಹೊರತಂದಾಗ ಬ್ರೌಸರಿನೊಳಗೆ ನಡೆಯುವ ಭಾಷೆಯಾದ ಜಾವಾಸ್ಕ್ರಿಪ್ಟಿನ ಒಂದೇ ಸಾಲು ಎಲ್ಲ ಬ್ರೌಸರುಗಳಲ್ಲೂ ಒಂದೇ ರೀತಿ ನಡೆಯುತ್ತದೆಂಬ ಭರವಸೆ ಇರಲಿಲ್ಲ. ಗುಂಡಿ ಒತ್ತಿದಾಗ ಏನಾಗಬೇಕು ಎಂದು ಹೇಳುವುದಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರಿನಲ್ಲಿ ಒಂದು ವಿಧಾನ, ಫೈರ್‌ಫಾಕ್ಸಿನಲ್ಲಿ ಇನ್ನೊಂದು. ನಾವು ಪ್ರತಿಯೊಂದನ್ನೂ ಎರಡೆರಡು ಸಲ ಬರೆದು, ಎರಡರಲ್ಲೂ ಪರೀಕ್ಷಿಸಿ, ಆಮೇಲೂ ಹೆದರುತ್ತಲೇ ಗ್ರಾಹಕರಿಗೆ ಕೊಡುತ್ತಿದ್ದೆವು. ಜೆಕ್ವೆರಿ ಆ ಎರಡು ಭಾಷೆಗಳ ನಡುವೆ ನಿಂತ ದುಭಾಷಿ. ಬ್ರೌಸರುಗಳು ಕ್ರಮೇಣ ಒಂದೇ ಮಾನಕಕ್ಕೆ ಬಂದವು, ಜೆಕ್ವೆರಿಯಿಂದಲೇ ಪಾಠ ಕಲಿತು ಅಂಥದೇ ಸೌಲಭ್ಯಗಳನ್ನು ತಮ್ಮೊಳಗೇ ಸೇರಿಸಿಕೊಂಡವು, ಮತ್ತು ದುಭಾಷಿಯ ಕೆಲಸ ಕಡಿಮೆಯಾಯಿತು. ಹಾಗೆಂದು ಅದನ್ನು ಕಲಿತದ್ದು ವ್ಯರ್ಥವಾಗಲಿಲ್ಲ, ಏಕೆಂದರೆ ಜೆಕ್ವೆರಿಯ ಮೂಲಕ ನೀವು ನಿಜವಾಗಿ ಕಲಿತದ್ದು ಪುಟದೊಳಗಿನ ಅಂಶವನ್ನು ಹುಡುಕುವುದು, ಬದಲಿಸುವುದು, ಬಳಕೆದಾರರ ಕ್ರಿಯೆಗೆ ಪ್ರತಿಕ್ರಿಯಿಸುವುದು. ಅದು ಇಂದಿಗೂ ಹಾಗೆಯೇ ಇದೆ.

ಇನ್ನು ರಿಯಾಕ್ಟ್. 2013ರ ಮೇ ತಿಂಗಳಲ್ಲಿ ಫೇಸ್‌ಬುಕ್ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಾಗ ಜಾವಾಸ್ಕ್ರಿಪ್ಟಿನ ನಡುವೆ, ಪುಟದ ರಚನೆಯನ್ನು ಹೇಳುವ ಎಚ್‌ಟಿಎಂಎಲ್ ಬರೆಯುವ ಅದರ ರೀತಿಯನ್ನು ಕಂಡು ಅನೇಕರು ಹುಬ್ಬು ಗಂಟಿಕ್ಕಿದರು, ಅವರಲ್ಲಿ ನಾನೂ ಒಬ್ಬ. ಮರುವರ್ಷ ಅಲ್ಲಿನ ಎಂಜಿನಿಯರುಗಳು ತಮ್ಮ ವಿನ್ಯಾಸವನ್ನು ವಿವರಿಸುವಾಗ ಕೊಟ್ಟ ಉದಾಹರಣೆಯಿಂದ ನನಗೆ ವಿಷಯ ಅರ್ಥವಾಯಿತು. ಫೇಸ್‌ಬುಕ್ ಪುಟದ ಮೇಲ್ತುದಿಯಲ್ಲಿ ಓದದ ಸಂದೇಶ ಒಂದಿದೆ ಎಂದು ತೋರಿಸುತ್ತಿತ್ತು, ಬಳಕೆದಾರರು ತೆರೆದು ನೋಡಿದರೆ ಅಲ್ಲಿ ಹೊಸದೇನೂ ಇರುತ್ತಿರಲಿಲ್ಲ. ಸರಿಪಡಿಸಿದರೆ ಸ್ವಲ್ಪ ದಿನಗಳಲ್ಲಿ ಅದೇ ದೋಷ ಮತ್ತೆ ತಲೆಯೆತ್ತುತ್ತಿತ್ತು. ಒಂದೇ ಸಂಗತಿಯನ್ನು ಪುಟದ ಮೂರು ನಾಲ್ಕು ಕಡೆ ತೋರಿಸುವಾಗ, ಪ್ರತಿ ಕಡೆಯೂ ಅದನ್ನು ಪ್ರತ್ಯೇಕವಾಗಿ ತಿದ್ದುತ್ತ ಹೋದರೆ ಎಲ್ಲೋ ಒಂದು ಕಡೆ ತಪ್ಪಿಹೋಗುತ್ತದೆ. ಹಾಗಾಗಿ ಮಾಹಿತಿ ಒಂದೇ ಜಾಗದಲ್ಲಿರಲಿ, ಅದು ಬದಲಾದಾಗ ತೆರೆಯ ಮೇಲಿರುವುದೆಲ್ಲ ಅದರಿಂದಲೇ ಹೊಸದಾಗಿ ಮೂಡಲಿ ಎಂಬುದು ಅವರ ಪರಿಹಾರ. ಅದು ನಿಜವಾದ ತೊಂದರೆಗೆ ಕಂಡುಕೊಂಡ ನಿಜವಾದ ಮದ್ದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನಿಮ್ಮ ವ್ಯಾಪಾರಿ ಬಿಲ್ಲಿನ ಪುಟವನ್ನು ತೆರೆದು, ಹತ್ತು ಸಾಲು ತುಂಬಿ, ಉಳಿಸಿ, ಮುದ್ರಿಸುತ್ತಾರೆ. ಒಂದೇ ಸಂಖ್ಯೆಯನ್ನು ನಾಲ್ಕು ಕಡೆ ಕ್ಷಣಕ್ಷಣಕ್ಕೂ ಬದಲಿಸುವ ಅಗತ್ಯ ಅಲ್ಲಿ ಎಷ್ಟಿದೆ?

ವೆಬ್‌ನ ಇಡೀ ಚರಿತ್ರೆಯಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಪುಟವನ್ನು ಎಲ್ಲಿ ತಯಾರಿಸಬೇಕು, ಮಾಹಿತಿ ಇಟ್ಟುಕೊಂಡಿರುವ ದೂರದ ಯಂತ್ರವಾದ ಸರ್ವರಿನಲ್ಲೋ, ಬಳಕೆದಾರರ ಬ್ರೌಸರಿನಲ್ಲೋ? ತೊಂಬತ್ತರ ದಶಕದ ಸಿಜಿಐ ಎಂಬ ಪದ್ಧತಿಯ ಕಡತಗಳು, ಆಮೇಲೆ ರಾಸ್ಮಸ್ ಲೆರ್ಡಾರ್ಫ್ ಅವರ ಪಿಎಚ್‌ಪಿ, ಇವೆಲ್ಲ ಸರ್ವರಿನಲ್ಲಿ ಪುಟ ಕಟ್ಟಿ ಕಳಿಸುತ್ತಿದ್ದವು. 1999ರಲ್ಲಿ ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್‌ನ ವೆಬ್ ರೂಪಕ್ಕಾಗಿ, ಪುಟವನ್ನು ಮತ್ತೆ ತೆರೆಯದೆಯೇ ಸರ್ವರಿನಿಂದ ಮಾಹಿತಿ ತರಿಸುವ ಉಪಾಯವನ್ನು ಬ್ರೌಸರಿಗೆ ಸೇರಿಸಿತು. 2004ರಲ್ಲಿ ಜಿಮೇಲ್ ಬಂದಾಗ ಅದರ ಸಾಧ್ಯತೆ ಜಗತ್ತಿಗೆ ಕಂಡಿತು, 2005ರಲ್ಲಿ ಅದಕ್ಕೆ ಏಜಾಕ್ಸ್ ಎಂಬ ಹೆಸರು ಬಂತು. ಅಲ್ಲಿಂದ ಮುಂದೆ ಕೆಲಸ ಒಂದೊಂದೇ ಹೆಜ್ಜೆ ಬ್ರೌಸರಿನತ್ತ ಸರಿಯಿತು, ಕೊನೆಗೆ ಸರ್ವರು ಬರಿಯ ಮಾಹಿತಿ ಕೊಡುವ ಉಗ್ರಾಣವಾಗಿ, ಪುಟವೆಲ್ಲ ಬ್ರೌಸರಿನಲ್ಲೇ ಹುಟ್ಟುವ ಸ್ಥಿತಿ ಬಂತು. 2016ರಲ್ಲಿ ನೆಕ್ಸ್ಟ್ ಬಂದದ್ದು ರಿಯಾಕ್ಟ್ ಪುಟಗಳನ್ನು ಮತ್ತೆ ಸರ್ವರಿನಲ್ಲಿ ಕಟ್ಟಲು. 2020ರ ಕೊನೆಯಲ್ಲಿ ರಿಯಾಕ್ಟ್ ತಂಡವೇ ಸರ್ವರಿನಲ್ಲಷ್ಟೇ ನಡೆಯುವ ಘಟಕಗಳ ಯೋಚನೆಯನ್ನು ಮುಂದಿಟ್ಟಿತು. ಇಂದು ನಿಮ್ಮ ಗೆಳೆಯರು ಹೊಸತೆಂದು ಹೇಳುತ್ತಿರುವ ಪದ್ಧತಿಯ ತಿರುಳು, ಅಂದರೆ ಮಾಹಿತಿಯಿರುವ ಕಡೆಯೇ ಪುಟ ಕಟ್ಟಿ ಕಳಿಸುವುದು, ನಿಮ್ಮ ಪಿಎಚ್‌ಪಿ ತಂತ್ರಾಂಶ ಮೊದಲಿನಿಂದಲೂ ಮಾಡುತ್ತಿರುವ ಕೆಲಸ. ನೆಕ್ಸ್ಟ್‌ನಲ್ಲಿ ಇನ್ನೂ ಅನೇಕ ಅನುಕೂಲಗಳಿವೆ, ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಹಳತು ಎಂದಾಕ್ಷಣ ತಪ್ಪು ಎಂದುಕೊಳ್ಳಬೇಡಿ ಎಂದಷ್ಟೇ ನನ್ನ ಮಾತು.

ಇದನ್ನು ನಾನು ಕೈ ಸುಟ್ಟುಕೊಂಡು ಕಲಿತೆ. 2015ರಲ್ಲಿ ನಾನಿದ್ದ ಸಂಸ್ಥೆಯೊಂದು ಸಹಕಾರ ಸಂಘಗಳ ಲೆಕ್ಕಪತ್ರಕ್ಕೆ ತಂತ್ರಾಂಶ ಒದಗಿಸುತ್ತಿತ್ತು. ಸರ್ವರಿನಲ್ಲೇ ಪುಟ ಕಟ್ಟುವ, ನೋಡಲು ಸಪ್ಪೆಯಾದ, ಆದರೆ ವರ್ಷಗಳಿಂದ ದೂರಿಲ್ಲದೆ ನಡೆಯುತ್ತಿದ್ದ ವ್ಯವಸ್ಥೆ ಅದು. ನಮ್ಮ ತಂಡ ಅದನ್ನು ಆ್ಯಂಗ್ಯುಲರ್‌ನ ಮೊದಲ ರೂಪವಾದ ಆ್ಯಂಗ್ಯುಲರ್‌ಜೆಎಸ್‌ನಲ್ಲಿ ಪೂರ್ತಿ ಹೊಸದಾಗಿ ಬರೆಯಲು ಹೊರಟಿತು, ಬರೆಯೋಣ ಎಂದು ಗಟ್ಟಿಯಾಗಿ ವಾದಿಸಿದವರಲ್ಲಿ ನಾನು ಮುಂದಿದ್ದೆ. ಬೆಂಗಳೂರಿನ ಕಚೇರಿಯ ವೇಗದ ಸಂಪರ್ಕದಲ್ಲಿ ಹೊಸ ರೂಪ ಸೊಗಸಾಗಿ ಓಡಿತು. ಮಳೆಗಾಲ ಶುರುವಾದ ಮೇಲೆ ಶಿರಸಿಯ ಕಡೆಯ ಒಂದು ಸಂಘಕ್ಕೆ ಹೋಗಿ ಗುಮಾಸ್ತರ ಪಕ್ಕದಲ್ಲಿ ಕುಳಿತೆ. ಅವರು ವಿಳಾಸ ಒತ್ತಿದರು, ತೆರೆ ಬೆಳ್ಳಗಾಯಿತು, ಬೆಳ್ಳಗೇ ಉಳಿಯಿತು. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು, ಕಿಟಕಿಯ ಬಳಿ ಇಟ್ಟಿದ್ದ ಡೇಟಾಕಾರ್ಡಿನ ದೀಪ ಮಿನುಗುತ್ತಿತ್ತು, ಪಾಸ್‌ಬುಕ್ ಹಿಡಿದು ನಾಲ್ಕು ಜನ ನಿಂತಿದ್ದರು. ಗುಮಾಸ್ತರು ಕೋಪ ಮಾಡಿಕೊಳ್ಳಲಿಲ್ಲ. "ಮೊದಲಿನದು ನಿಧಾನವಾಗಿ ಆದರೂ ಸಾಲು ಸಾಲಾಗಿ ಬರುತ್ತಿತ್ತು, ಬರುತ್ತಿದೆ ಅಂತ ಗೊತ್ತಾಗುತ್ತಿತ್ತು. ಇದು ಬರುತ್ತದೋ ಇಲ್ಲವೋ ಅನ್ನುವುದೇ ತಿಳಿಯುವುದಿಲ್ಲ" ಎಂದರು.

ಆ ಒಂದು ಮಾತಿನಲ್ಲಿ ಬ್ರೌಸರು ಹೇಗೆ ಕೆಲಸ ಮಾಡುತ್ತದೆ ಎಂಬ ಪಾಠವೇ ಅಡಗಿತ್ತು. ಎಚ್‌ಟಿಎಂಎಲ್ ಸರ್ವರಿನಿಂದ ಬಂದಷ್ಟು ಬಂದಷ್ಟನ್ನೇ ಬ್ರೌಸರು ತೆರೆಯ ಮೇಲೆ ಮೂಡಿಸುತ್ತ ಹೋಗುತ್ತದೆ, ಅರ್ಧ ಬಂದರೆ ಅರ್ಧ ಕಾಣುತ್ತದೆ. ನಾವು ಬರೆದ ಹೊಸ ರೂಪದಲ್ಲಾದರೋ ದೊಡ್ಡದೊಂದು ಜಾವಾಸ್ಕ್ರಿಪ್ಟ್ ಕಡತ ಪೂರ್ತಿ ಇಳಿಯಬೇಕು, ಅದನ್ನು ಯಂತ್ರ ಓದಿ ಅರ್ಥಮಾಡಿಕೊಳ್ಳಬೇಕು, ಆಮೇಲೆ ಅದು ಮಾಹಿತಿ ತರಿಸಬೇಕು, ಆಮೇಲಷ್ಟೇ ಮೊದಲ ಅಕ್ಷರ ಕಾಣಬೇಕು. ದುರ್ಬಲ ಸಂಪರ್ಕದಲ್ಲಿ ಕಡತ ನಡುವೆಯೇ ನಿಂತುಹೋದರೆ ಏನೂ ಕಾಣುವುದಿಲ್ಲ. ಇನ್ನೊಂದು ಸಂಗತಿಯನ್ನೂ ನಾವು ಗಮನಿಸಿರಲಿಲ್ಲ. ಆ್ಯಂಗ್ಯುಲರ್‌ನ ಮುಂದಿನ ಆವೃತ್ತಿ ಹಳೆಯದಕ್ಕೆ ಹೊಂದುವುದಿಲ್ಲವೆಂದು ಅದರ ತಂಡ 2014ರ ಅಕ್ಟೋಬರಿನಲ್ಲೇ ತಿಳಿಸಿತ್ತು, 2016ರಲ್ಲಿ ಆ ಹೊಸ ಆವೃತ್ತಿ ಬಂದೂಬಿಟ್ಟಿತು, 2021ರ ಕೊನೆಗೆ ಹಳೆಯದರ ಬೆಂಬಲವೂ ಮುಗಿಯಿತು. ಹಳತಾಗುತ್ತದೆ ಎಂಬ ಭಯದಿಂದ ಕೆಡವಿದ್ದ ವ್ಯವಸ್ಥೆಗಿಂತ ನಾವು ಕಟ್ಟಿದ್ದೇ ಬೇಗ ಹಳತಾಯಿತು.

ಹಾಗಾದರೆ ಯಾವುದು ಉಳಿಯುತ್ತದೆ? ವೆಬ್‌ನ ತಳಹದಿ ಉಳಿಯುತ್ತದೆ, ನಾವು ಊಹಿಸುವುದಕ್ಕಿಂತ ಹೆಚ್ಚು ಹಟದಿಂದ ಉಳಿಯುತ್ತದೆ. ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಲ್ಲಿ ಬರೆದ ಮೊದಲ ಜಾಲತಾಣದ ಪ್ರತಿ ಇಂದಿನ ಫೋನಿನ ಬ್ರೌಸರಿನಲ್ಲೂ ತೆರೆದುಕೊಳ್ಳುತ್ತದೆ. ಬ್ರೆಂಡನ್ ಐಕ್ 1995ರಲ್ಲಿ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಬರೆದಾಗ ಶೂನ್ಯ ಮೌಲ್ಯವಾದ 'ನಲ್' ಎಂಬುದರ ಬಗೆ ಯಾವುದೆಂದು ಕೇಳಿದರೆ 'ಆಬ್ಜೆಕ್ಟ್' ಎನ್ನುವ ದೋಷ ಉಳಿದುಹೋಯಿತು. ಅದನ್ನು ತಿದ್ದಿದರೆ ಹಳೆಯ ಪುಟಗಳು ಕೆಡುತ್ತವೆಂದು ಇಂದಿಗೂ ತಿದ್ದಿಲ್ಲ. 2018ರಲ್ಲಿ ನಡೆದದ್ದು ಇದಕ್ಕಿಂತ ಸ್ವಾರಸ್ಯಕರ. ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಡಿಸಿ ಒಂದೇ ಪಟ್ಟಿ ಮಾಡುವ ಸೌಲಭ್ಯಕ್ಕೆ 'ಫ್ಲಾಟನ್' ಎಂದು ಹೆಸರಿಡಲು ಜಾವಾಸ್ಕ್ರಿಪ್ಟ್ ಸಮಿತಿ ಹೊರಟಾಗ, ಅದೇ ಹೆಸರನ್ನು ಮೂಟೂಲ್ಸ್ ಎಂಬ ಹಳೆಯ ಕೋಡ್ ಸಂಗ್ರಹ (ಲೈಬ್ರರಿ) ತನ್ನದೇ ರೀತಿಯಲ್ಲಿ ಬಳಸಿಕೊಂಡಿತ್ತೆಂದೂ, ಅದನ್ನು ನೆಚ್ಚಿದ ತಾಣಗಳು ಕೆಡುತ್ತವೆಂದೂ ತಿಳಿದುಬಂತು. ಹೊಸಬರು ಹೆಸರೇ ಕೇಳಿರದ ಆ ಸಂಗ್ರಹಕ್ಕಾಗಿ ಭಾಷೆಯೇ ದಾರಿ ಬಿಟ್ಟುಕೊಟ್ಟಿತು, ಸೌಲಭ್ಯದ ಹೆಸರು 'ಫ್ಲಾಟ್' ಎಂದಾಯಿತು. ಹಳೆಯ ಬಳಕೆದಾರರನ್ನು ಕೈಬಿಡುವುದಿಲ್ಲ ಎಂಬ ಈ ನಿಷ್ಠೆಯನ್ನು ನಾನು ನಮ್ಮ ವೃತ್ತಿಯ ಅತ್ಯಂತ ಘನವಾದ ಗುಣವೆಂದು ಭಾವಿಸುತ್ತೇನೆ.

ಈ ತಳಹದಿಯ ಮೇಲೆ ನಾವು ಪೇರಿಸುವ ಅಟ್ಟಗಳು ಅಷ್ಟು ಗಟ್ಟಿಯಲ್ಲ. 2016ರ ಮಾರ್ಚ್‌ನಲ್ಲಿ ಡೆವಲಪರುಗಳು ಸಿದ್ಧ ಕೋಡ್ ಹಂಚಿಕೊಳ್ಳುವ ಎನ್‌ಪಿಎಂ ಭಂಡಾರದಿಂದ ಲೆಫ್ಟ್‌ಪ್ಯಾಡ್ ಎಂಬ ಸಣ್ಣ ಪ್ಯಾಕೇಜನ್ನು ಅದರ ಕರ್ತೃ ಹಿಂತೆಗೆದುಕೊಂಡಾಗ ರಿಯಾಕ್ಟ್, ಬೇಬಲ್‌ನಂಥ ದೊಡ್ಡ ಯೋಜನೆಗಳನ್ನು ನೆಚ್ಚಿದವರ ಕೆಲಸ ಜಗತ್ತಿನಾದ್ಯಂತ ಕೆಲ ಹೊತ್ತು ನಿಂತುಹೋಯಿತು. ಅದರಲ್ಲಿದ್ದದ್ದು ಹನ್ನೊಂದು ಸಾಲು, ಅದು ಮಾಡುತ್ತಿದ್ದ ಕೆಲಸ ಪದದ ಎಡಕ್ಕೆ ಖಾಲಿ ಜಾಗ ತುಂಬುವುದು. ಮರುವರ್ಷ ಆ ಸೌಲಭ್ಯ ಭಾಷೆಯೊಳಗೇ ಬಂತು.

ನಮ್ಮ ಭಾಷೆಯಲ್ಲಿ ಕೆಲಸ ಮಾಡುವವರಿಗೆ ಈ ತಳಹದಿಯ ತಿಳಿವಳಿಕೆ ಇನ್ನೂ ಹೆಚ್ಚು ಬೇಕು, ನಿಮ್ಮ ತಂತ್ರಾಂಶದಲ್ಲೇ ಅದನ್ನು ಪರೀಕ್ಷಿಸಬಹುದು. ವಿಶ್ವೇಶ್ವರಯ್ಯ ಎಂಬ ಹೆಸರನ್ನು, ಬರಹದ ಉದ್ದ ಅಳೆಯುವ ಪಿಎಚ್‌ಪಿಯ ಸ್ಟ್ರ್‌ಲೆನ್‌ಗೆ ಕೊಟ್ಟು ನೋಡಿ, ಉತ್ತರ 39 ಬರುತ್ತದೆ. ಎಂಬಿ ಸ್ಟ್ರ್‌ಲೆನ್‌ಗೆ ಕೊಡಿ, 13 ಬರುತ್ತದೆ. ಕನ್ನಡ ಬಲ್ಲ ಯಾವ ಮಗುವನ್ನು ಕೇಳಿದರೂ ವಿ, ಶ್ವೇ, ಶ್ವ, ರ, ಯ್ಯ ಎಂದು ಐದು ಅಕ್ಷರ ಎಣಿಸುತ್ತದೆ. ಮೂರೂ ಉತ್ತರ ಸರಿ. ಬರಹವನ್ನು ಯಂತ್ರದಲ್ಲಿ ಉಳಿಸಿಡುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು (ಯಂತ್ರದ ನೆನಪಿನ ಅಳತೆ) ಬೇಕು, ಹಾಗಾಗಿ 39. ಸ್ವರಚಿಹ್ನೆಗಳನ್ನೂ ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆಯನ್ನೂ ಬೇರೆ ಬೇರೆ ಸಂಕೇತಗಳೆಂದು, ಲಿಪಿಗಳಿಗೆ ಸಂಕೇತ ಕೊಡುವ ಮಾನಕವಾದ ಯುನಿಕೋಡ್ ಎಣಿಸುತ್ತದೆ, ಹಾಗಾಗಿ 13. ಐದು ಎಂಬುದು ಓದುವವರ ಎಣಿಕೆ. ಇದು ತಿಳಿಯದವರು ರಸೀತಿಯಲ್ಲಿ ಜಾಗ ಉಳಿಸಲೆಂದು ಹೆಸರನ್ನು ಹನ್ನೆರಡಕ್ಕೆ ಕತ್ತರಿಸಿದರೆ 'ವಿಶ್ವೇಶ್ವರಯ್' ಎಂದು ಅಚ್ಚಾಗುತ್ತದೆ, ಬೈಟುಗಳ ಲೆಕ್ಕದಲ್ಲಿ ಹತ್ತಕ್ಕೆ ಕತ್ತರಿಸಿದರೆ ಮೂರು ಸಂಕೇತಗಳಾದ ಮೇಲೆ ಒಂದು ಒಡೆದ ಚೂರು ಉಳಿದು ಪ್ರಶ್ನಾರ್ಥಕ ಚಿಹ್ನೆ ಕಾಣಿಸುತ್ತದೆ. ಒರೇಕಲ್‌ನಂಥ ದತ್ತಾಂಶ ಕೋಶದಲ್ಲಿ, ಸೆಟ್ಟಿಂಗ್ ಬದಲಿಸದೆ, ಮೂವತ್ತು ಎಂದು ಉದ್ದ ನಿಗದಿಮಾಡಿದರೆ ಅದು ಮೂವತ್ತು ಬೈಟು, ಆ ಹೆಸರು ಅದರಲ್ಲಿ ಹಿಡಿಸುವುದೇ ಇಲ್ಲ. ರಿಯಾಕ್ಟ್ ಬಳಸಿದರೂ ಪಿಎಚ್‌ಪಿ ಬಳಸಿದರೂ ಈ ಸಮಸ್ಯೆ ಹೀಗೆಯೇ ಇರುತ್ತದೆ. ಇದನ್ನು ಒಮ್ಮೆ ಕಲಿತವರಿಗೆ ಆ ಕಲಿಕೆ ವೃತ್ತಿಜೀವನದ ಕೊನೆಯವರೆಗೂ ಬರುತ್ತದೆ.

ಯುನಿಕೋಡ್‌ಗೆ ಮೊದಲಿನ ಕನ್ನಡ ತಾಣಗಳನ್ನು ನೀವು ನೋಡಿರಲಿಕ್ಕಿಲ್ಲ. ಒಬ್ಬೊಬ್ಬರ ಫಾಂಟಿಗೂ ಒಂದೊಂದು ಸಂಕೇತ ಪದ್ಧತಿ, ಆ ಫಾಂಟು ಇಲ್ಲದ ಯಂತ್ರದಲ್ಲಿ ಲೇಖನವೆಲ್ಲ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಾಣುತ್ತಿತ್ತು, ಹುಡುಕಾಟಕ್ಕೆ ಸಿಗುತ್ತಿರಲಿಲ್ಲ. ಆ ಕಾಲದ ಪುಟ ವಿನ್ಯಾಸ ಹೋದದ್ದಕ್ಕೆ ಯಾರಿಗೂ ವ್ಯಥೆಯಿಲ್ಲ. ಆದರೆ ಬರಹವನ್ನು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳದವರ ಬರಹಗಳೂ ಅದರೊಂದಿಗೆ ಹೋದವು ಎಂಬುದನ್ನು ನೆನೆದಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ತಂತ್ರಾಂಶಕ್ಕಿಂತ ಅದರೊಳಗಿನ ಮಾಹಿತಿಗೆ ಆಯುಸ್ಸು ಹೆಚ್ಚು, ಹಾಗಾಗಿ ನಿಮ್ಮ ಕಾಳಜಿಯ ಹೆಚ್ಚಿನ ಪಾಲು ಅಲ್ಲಿರಲಿ.

ಕೆಲಸ ಮಾಡುವ ಪದ್ಧತಿಗಳ ವಿಷಯವೂ ಇದೇ. ಒಂದು ಹಂತ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಇಳಿಯುವ, ಜಲಪಾತವೆಂದು ಹೆಸರಾದ ಪದ್ಧತಿಯ ಮೂಲವೆಂದು ವಿನ್‌ಸ್ಟನ್ ರಾಯ್ಸ್ ಅವರ 1970ರ ಪ್ರಬಂಧವನ್ನು ತೋರಿಸುತ್ತಾರೆ. ಆ ಪ್ರಬಂಧದಲ್ಲಿ ಅಂಥ ಚಿತ್ರವನ್ನು ಬಿಡಿಸಿದ ಅವರು, ಹೀಗೆ ಮಾಡುವುದು ಅಪಾಯಕಾರಿ, ವಿಫಲತೆಯನ್ನು ಆಹ್ವಾನಿಸುತ್ತದೆ ಎಂದು ಅಲ್ಲೇ ಬರೆದಿದ್ದರು. ಚಿತ್ರ ನೋಡಿದವರು ಮುಂದಿನ ಸಾಲು ಓದಲಿಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಹದಿನೇಳು ಜನ ಸೇರಿ, ಸಣ್ಣ ಹೆಜ್ಜೆಗಳಲ್ಲಿ ಬಳಕೆದಾರರ ಜೊತೆಗೂಡಿ ತಂತ್ರಾಂಶ ಕಟ್ಟುವ ಅಜೈಲ್ ಪದ್ಧತಿಯ ಪ್ರಣಾಳಿಕೆ ಬರೆದಾಗ, ಪ್ರಕ್ರಿಯೆ ಮತ್ತು ಸಲಕರಣೆಗಳಿಗಿಂತ ವ್ಯಕ್ತಿಗಳಿಗೂ ಅವರ ಒಡನಾಟಕ್ಕೂ ಹೆಚ್ಚು ಬೆಲೆ ಕೊಡುತ್ತೇವೆ ಎಂಬುದು ಅದರ ಮೊದಲ ಮೌಲ್ಯವಾಗಿತ್ತು. ಇಂದು ಅನೇಕ ಕಚೇರಿಗಳಲ್ಲಿ ಅದೇ ಅಜೈಲ್‌ನ ಹೆಸರಿನಲ್ಲಿ ನಡೆಯುವುದು ಬೆಳಗಿನ ನಿಂತ ಸಭೆ, ಅಂಕಗಳ ಲೆಕ್ಕ, ಸಲಕರಣೆಯಲ್ಲಿ ಚೀಟಿ ಸರಿಸುವ ಕೆಲಸ. ತಂತ್ರಾಂಶ ಬಳಸುವವರನ್ನು ವಾರಕ್ಕೊಮ್ಮೆ ಭೇಟಿಯಾಗಿ, ಮಾಡಿದ್ದನ್ನು ತೋರಿಸಿ, ಅವರು ಹೇಳಿದಂತೆ ತಿದ್ದುವ ನಿಮ್ಮಂಥ ಸಣ್ಣ ತಂಡವೊಂದು ಆ ಪದವನ್ನು ಒಮ್ಮೆಯೂ ಉಚ್ಚರಿಸದೆ ಅದರ ಆಶಯಕ್ಕೆ ಹೆಚ್ಚು ಹತ್ತಿರವಿರಬಹುದು. 

ಈಗ ಎಐ ವಿಷಯ. ಇದನ್ನು ನಾನು ದಿನವೂ ಬಳಸುತ್ತೇನೆ, ಇದು ನಾಲ್ಕು ದಿನದ ಮೋಹ ಎಂದು ಹೇಳಲಾರೆ. ಆದರೆ ಇದು ಯಾವ ತೊಂದರೆಗೆ ಮದ್ದು ಎಂಬ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು. ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1986ರಲ್ಲಿ ತಂತ್ರಾಂಶದ ಕಷ್ಟಗಳನ್ನು ಎರಡಾಗಿ ವಿಂಗಡಿಸಿದ್ದರು: ನಮ್ಮ ಸಲಕರಣೆಗಳ ಕೊರತೆಯಿಂದ ಬರುವ ಕಷ್ಟ ಒಂದು, ಬಿಡಿಸಬೇಕಾದ ಸಮಸ್ಯೆಯಲ್ಲೇ ಹುಟ್ಟಿಬಂದಿರುವ ಕಷ್ಟ ಇನ್ನೊಂದು. ಎಐ ಮೊದಲನೆಯದನ್ನು ಬಹಳ ಮಟ್ಟಿಗೆ ಇಳಿಸಿದೆ. ಎರಡನೆಯದನ್ನು ಅರಿಯಲು ನಿಮ್ಮ ಬಿಲ್ಲಿನ ಪುಟವನ್ನೇ ನೋಡಿ.

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು, ಶೇ. 12 ಮತ್ತು ಶೇ. 28ರಲ್ಲಿದ್ದ ಬಹುಪಾಲು ಸರಕುಗಳು ಶೇ. 5 ಮತ್ತು ಶೇ. 18ಕ್ಕೆ ಬಂದವು. ಬಿಲ್ಲಿಂಗ್ ತಂತ್ರಾಂಶ ಬರೆದುಕೊಡು ಎಂದಷ್ಟೇ ಕೇಳಿದರೆ ಎಐ ಸಾಮಾನ್ಯವಾಗಿ ಸರಕಿನ ಕೋಷ್ಟಕದಲ್ಲಿ ದರವೆಂಬ ಒಂದು ಅಂಕಣ ಇಟ್ಟು, ಬಿಲ್ಲು ತೋರಿಸುವಾಗ ಅಲ್ಲಿಂದ ದರ ತೆಗೆದುಕೊಳ್ಳುವ ಕೋಡ್ ಕೊಡುತ್ತದೆ. ಕೋಡ್ ಅಚ್ಚುಕಟ್ಟಾಗಿರುತ್ತದೆ, ಪರೀಕ್ಷೆಯಲ್ಲಿ ಪಾಸಾಗುತ್ತದೆ. ದರ ಬದಲಿಸಿದ ಮರುಕ್ಷಣ ಆಗಸ್ಟ್ ತಿಂಗಳ ಹಳೆಯ ಬಿಲ್ಲುಗಳೆಲ್ಲ ಹೊಸ ದರದಲ್ಲಿ ಲೆಕ್ಕವಾಗಿ, ವ್ಯಾಪಾರಿ ಸಲ್ಲಿಸಿದ ವಿವರಗಳಿಗೂ ತೆರೆಯ ಮೇಲಿನ ಮೊತ್ತಕ್ಕೂ ತಾಳೆಯಾಗುವುದಿಲ್ಲ. ದರವನ್ನು ಬಿಲ್ಲಿನ ಪ್ರತಿ ಸಾಲಿನಲ್ಲೇ, ಮಾರಿದ ದಿನ ಇದ್ದಂತೆ, ಬರೆದಿಡಬೇಕು. ಆಗಸ್ಟ್‌ನಲ್ಲಿ ಮಾರಿದ ಸರಕು ಅಕ್ಟೋಬರಿನಲ್ಲಿ ವಾಪಸ್ಸು ಬಂದರೆ ಕ್ರೆಡಿಟ್ ನೋಟಿಗೆ ಆಗಸ್ಟಿನ ದರವೇ ಬೇಕು. ಧಾರವಾಡದ ಅಂಗಡಿಗೆ ಹೋದ ಸರಕಿಗೆ ಕೇಂದ್ರ, ರಾಜ್ಯ ಎಂದು ತೆರಿಗೆ ಎರಡು ಪಾಲಾಗುತ್ತದೆ, ಮಹಾರಾಷ್ಟ್ರದ ಸೊಲ್ಲಾಪುರದ ಅಂಗಡಿಗೆ ಹೋದರೆ ಹೊರರಾಜ್ಯದ ಮಾರಾಟಕ್ಕೆ ಹಾಕುವ ಐಜಿಎಸ್‌ಟಿ ಒಂದೇ. ಇದು ಯಾವ ಚೌಕಟ್ಟಿನ ಕೈಪಿಡಿಯಲ್ಲೂ ಇಲ್ಲ, ನಾಲ್ಕು ವರ್ಷ ಆ ವ್ಯಾಪಾರಿಗಳ ಫೋನ್ ಕರೆ ತೆಗೆದುಕೊಂಡ ನಿಮ್ಮ ತಲೆಯಲ್ಲಿದೆ. ಇದನ್ನು ಸ್ಪಷ್ಟವಾಗಿ ಹೇಳಬಲ್ಲವರ ಕೈಯಲ್ಲಿ ಎಐ ಒಳ್ಳೆಯ ಆಳು. ಹೇಳಲಾರದವರಿಗೆ ಅದು ತಪ್ಪನ್ನೇ ವೇಗವಾಗಿ ಬರೆದುಕೊಡುತ್ತದೆ, ಕೆಲವೊಮ್ಮೆ ಇಲ್ಲದ ಪ್ಯಾಕೇಜಿನ ಹೆಸರನ್ನೂ ಸಲೀಸಾಗಿ ಹೇಳುತ್ತದೆ. ಅದು ಬರೆದ ಪ್ರತಿ ಸಾಲನ್ನೂ ಓದಿ, ಅರ್ಥವಾಗದ ಸಾಲನ್ನು ಸೇರಿಸಬೇಡಿ.

ಕಲಿಕೆಯ ವಿಷಯದಲ್ಲಿ ನನ್ನ ಸಲಹೆ ಹೀಗಿದೆ. ಬ್ರೌಸರು ಮತ್ತು ಸರ್ವರು ಮಾತಾಡಿಕೊಳ್ಳುವ ಎಚ್‌ಟಿಟಿಪಿ ಹೇಗೆ ನಡೆಯುತ್ತದೆ, ಕುಕಿ ಎಂದರೇನು, ಮತ್ತೆ ಬಳಸಲೆಂದು ಉಳಿಸಿಟ್ಟ ಪ್ರತಿಯಾದ ಕ್ಯಾಶ್ ಯಾವಾಗ ಹಳತಾಗುತ್ತದೆ ಎಂಬುದನ್ನು ಬ್ರೌಸರಿನ ನೆಟ್‌ವರ್ಕ್ ಫಲಕ ತೆರೆದಿಟ್ಟುಕೊಂಡೇ ಕಲಿಯಿರಿ. ಆ ಫಲಕದಲ್ಲಿ ನಿಧಾನ ಸಂಪರ್ಕವನ್ನು ಅನುಕರಿಸುವ ಆಯ್ಕೆಯಿದೆ, ವಾರಕ್ಕೊಂದು ದಿನ ಅದನ್ನು ಹಾಕಿಕೊಂಡು ನಿಮ್ಮ ತಂತ್ರಾಂಶವನ್ನು ಬಳಸಿ ನೋಡಿ. ದತ್ತಾಂಶ ಕೋಶವನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್ ಅನ್ನು ಆಳವಾಗಿ ಕಲಿಯಿರಿ, ಅದು ಎಪ್ಪತ್ತರ ದಶಕದಲ್ಲಿ ಹುಟ್ಟಿದ್ದು, ನಾನು ಕಂಡ ಎಲ್ಲ ಚೌಕಟ್ಟುಗಳ ಹುಟ್ಟು ಸಾವುಗಳನ್ನು ಅದು ನೋಡಿದೆ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಬಳಸುತ್ತಿಲ್ಲವಾದರೆ ಈ ವಾರವೇ ಶುರುಮಾಡಿ. ಇವುಗಳ ಜೊತೆಗೆ ರಿಯಾಕ್ಟ್ ಅನ್ನೂ ಕಲಿಯಿರಿ, ಉದ್ಯೋಗ ಮಾರುಕಟ್ಟೆ ಅದನ್ನು ಕೇಳುತ್ತಿದೆ, ಹೊಟ್ಟೆಪಾಡಿನ ಆ ಕಾರಣವೂ ಗೌರವದ ಕಾರಣವೇ. ಅದನ್ನು ಕಲಿಯಲು ಸಣ್ಣದೊಂದು ಸ್ವಂತ ಯೋಜನೆ ಸಾಕು, ಗ್ರಾಹಕರ ತಂತ್ರಾಂಶ ನಿಮ್ಮ ಕಲಿಕೆಯ ಹಲಗೆಯಾಗುವುದು ಬೇಡ.

ಆ ಪಿಎಚ್‌ಪಿ ತಂತ್ರಾಂಶಕ್ಕೆ ಹೊಸ ರೂಪಕ್ಕಿಂತ ಮೊದಲು ಆರೋಗ್ಯ ತಪಾಸಣೆ ಬೇಕು. ಪಿಎಚ್‌ಪಿಯ ಬಗ್ಗೆ ಕೀಳರಿಮೆ ಬೇಡ, ಕನ್ನಡ ವಿಕಿಪೀಡಿಯವೂ ಸೇರಿ ಇಡೀ ವಿಕಿಪೀಡಿಯ ನಡೆಯುವುದು ಅದರಲ್ಲೇ. ನಿಮ್ಮಲ್ಲಿರುವ ಆವೃತ್ತಿ ಯಾವುದೆಂದು ನೋಡಿ: 7.4ರ ಭದ್ರತಾ ಬೆಂಬಲ 2022ರ ನವೆಂಬರಿನಲ್ಲೇ ಮುಗಿದಿದೆ, ಅದೋ ಅದಕ್ಕಿಂತ ಹಳೆಯದೋ ಇದ್ದರೆ ಮೇಲೇರಿಸುವುದೇ ಮೊದಲ ಕೆಲಸ. ಕೋಡ್‌ನಲ್ಲಿ 'ಮೈಎಸ್‌ಕ್ಯೂಎಲ್ ಕ್ವೆರಿ' ಎಂಬ ಹಳೆಯ ಫಂಕ್ಷನ್ ಹುಡುಕಿ. ಅದು 2015ರ ಕೊನೆಗೆ ಬಂದ 7.0ರಲ್ಲೇ ಹೋಯಿತು. ಅದು ಸಿಕ್ಕಿದ ಕಡೆಯೆಲ್ಲ ಬಳಕೆದಾರರು ತುಂಬಿದ ಪದವನ್ನು ನೇರವಾಗಿ ದತ್ತಾಂಶ ಕೋಶಕ್ಕೆ ಕಳಿಸುವ ಪ್ರಶ್ನೆಗೆ ಅಂಟಿಸಿರುವ ಅಪಾಯವೂ ಸಿಗುವ ಸಂಭವ ಹೆಚ್ಚು, ಅದನ್ನು ಪಿಎಚ್‌ಪಿಯ ಪಿಡಿಒ ಎಂಬ ಸೌಲಭ್ಯದ ಸಿದ್ಧಪಡಿಸಿದ ಹೇಳಿಕೆಗಳಿಗೆ (ಪ್ರಿಪೇರ್ಡ್ ಸ್ಟೇಟ್‌ಮೆಂಟ್) ಬದಲಿಸಿ. ಮೇಲೇರಿಸುವ ಮುನ್ನ ಬಿಲ್ಲಿನ ಲೆಕ್ಕಕ್ಕೆ, ಬರೀ ಆ ಲೆಕ್ಕಕ್ಕಾದರೂ, ಕಳೆದ ವರ್ಷದ ಇಪ್ಪತ್ತು ನಿಜವಾದ ಬಿಲ್ಲುಗಳನ್ನು ಇಟ್ಟುಕೊಂಡು ಪರೀಕ್ಷೆಗಳನ್ನು ಬರೆಯಿರಿ: ಒಂದು ಹೊರರಾಜ್ಯದ್ದು, ಒಂದು ರಿಯಾಯಿತಿಯದ್ದು, ಒಂದು ವಾಪಸ್ಸು ಬಂದ ಸರಕಿನದ್ದು ಅದರಲ್ಲಿರಲಿ. ಅವೆಲ್ಲ ಪೈಸೆಯ ವ್ಯತ್ಯಾಸವಿಲ್ಲದೆ ತಾಳೆಯಾದ ಮೇಲೆ, ದಾಸ್ತಾನಿನ ಹುಡುಕಾಟದ ಪುಟದಂತೆ ಕೀಲಿಯ ಒತ್ತೊತ್ತಿಗೂ ತೆರೆ ಬದಲಾಗಬೇಕಾದ ಜಾಗ ಒಂದೋ ಎರಡೋ ಇದ್ದರೆ, ಆ ಪುಟಕ್ಕಷ್ಟೇ ರಿಯಾಕ್ಟ್ ಸೇರಿಸಿ ನೋಡಿ. ಅದು ಪುಟದ ಒಂದು ಮೂಲೆಯಲ್ಲೂ ಕೆಲಸ ಮಾಡುತ್ತದೆ, ಉಳಿದ ಪಿಎಚ್‌ಪಿಯನ್ನು ಮುಟ್ಟಬೇಕಾಗಿಲ್ಲ.